ಹದಿನೇಳನೆಯ ಸಾಲು

ಹೊತ್ತು ಇಳಿಯುತ್ತಿತ್ತು. ಹಾಲವ್ವ ಹತ್ತಿಯ ಗಿಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ನಾಳೆ ಬೆಳಿಗ್ಗೆ ಅರಳಲಿದ್ದ ಮೊಗ್ಗನ್ನು ಎರಡು ಬೆರಳಲ್ಲಿ ಹಿಡಿದಳು. ಹಲ್ಲಿನಲ್ಲಿ ಕಚ್ಚಿಕೊಂಡಿದ್ದ ದಾರವನ್ನು ಅದರ ತುದಿಗೆ ಎರಡು ಸುತ್ತು ಸುತ್ತಿದಳು. ಬಿಗಿ ಹೆಚ್ಚಾದರೆ ಮೊಗ್ಗು ಹರಿಯುತ್ತದೆ, ಸಡಿಲಾದರೆ ಬೆಳಗಾಗುವುದರೊಳಗೆ ಬಿಚ್ಚಿಕೊಳ್ಳುತ್ತದೆ. ಆ ನಡುವಿನ ಬಿಗಿ ಅವಳ ಬೆರಳಿಗೆ ಗೊತ್ತಿತ್ತು. ಗಂಟು ಹಾಕಿ, ಉಳಿದ ದಾರವನ್ನು ಗುರುತಿಗೆಂದು ತೊಟ್ಟಿಗೆ ಕಟ್ಟಿ, ಮುಂದಿನ ಗಿಡಕ್ಕೆ ಸರಿದಳು. ಬದುವಿನ ಮೇಲೆ ಕೊಡೆ ಬಿಚ್ಚಿಕೊಂಡು ಕೂತಿದ್ದ ಅಣ್ಣ ಪರಮೇಶ್ವರಪ್ಪ ತೊಡೆಯ ಮೇಲಿನ ಪುಸ್ತಕದಲ್ಲಿ ಬರೆಯುತ್ತಿದ್ದ.

ಹೀಗೆ ಬಾಯಿ ಕಟ್ಟಿದ ಮೊಗ್ಗಿನೊಳಗೆ ಜೇನುಹುಳ ಹೋಗಲಾರದು. ಬೇರೆ ಗಿಡದ ಹೂವಿನ ಧೂಳು ಸೋಂಕದೆ ಹೂವು ತನ್ನಷ್ಟಕ್ಕೆ ತಾನೇ ಕಾಯಿಗಟ್ಟುತ್ತದೆ. ಅದರ ಬೀಜ ಬಿತ್ತಿದರೆ ತಾಯಿ ಹೇಗೋ ಮಕ್ಕಳೂ ಹಾಗೇ. ಪರಮೇಶ್ವರಪ್ಪನಿಗೆ ಬೇಕಾಗಿದ್ದುದು ಅಂಥ ಬೀಜ. ಅವನು ಪುಣೆಯಲ್ಲಿ ಬೇಸಾಯಶಾಸ್ತ್ರದ ದೊಡ್ಡ ಪದವಿಗೆ ಓದುತ್ತಿದ್ದ. ಹತ್ತಿಮತ್ತೂರಿನ ಎರೆಹೊಲಗಳಿಗೆ ಆ ವರ್ಷಗಳಲ್ಲಿ ಸೊರಗುರೋಗ ಬಿದ್ದಿತ್ತು. ನಿನ್ನೆ ಸಂಜೆ ಮೊಣಕಾಲುದ್ದ ಹಸಿರಾಗಿ ನಿಂತ ಗಿಡ ಇವತ್ತು ತಲೆ ಬಾಗಿಸುತ್ತಿತ್ತು, ನಾಲ್ಕು ದಿನಕ್ಕೆ ಕಡ್ಡಿಯಾಗುತ್ತಿತ್ತು. ಬುಡ ಸೀಳಿದರೆ ಒಳಗೆಲ್ಲ ಕಂದು ಗೆರೆ. ಆ ರೋಗಕ್ಕೆ ಬಗ್ಗದ ತಳಿಯೊಂದನ್ನು ತೆಗೆದು ತೋರಿಸಿ ಪುಸ್ತಕ ಬರೆದರೆ ಪದವಿ ಬರುತ್ತಿತ್ತು. ಪುಸ್ತಕ ಚೆನ್ನಾಗಿದ್ದರೆ ವಿಲಾಯತಿಗೆ ಹೋಗಿ ಸಂಶೋಧನೆ ಮಾಡಲು ಸರಕಾರದ ಶಿಷ್ಯವೇತನ. ಇಡೀ ಮುಂಬಯಿ ಪ್ರಾಂತ್ಯಕ್ಕೆ ವರ್ಷಕ್ಕೆ ಒಬ್ಬನಿಗೆ ಅದು ಸಿಗುತ್ತಿತ್ತು. ಆ ಒಬ್ಬ ತಾನಾಗಬೇಕೆಂದು ಪರಮೇಶ್ವರಪ್ಪ ಎಷ್ಟೋ ರಾತ್ರಿ ನಿದ್ದೆಗೆಟ್ಟು ಓದಿದ್ದ. ಅದನ್ನು ಹಾಲವ್ವನೂ ಇಲ್ಲವೆನ್ನುತ್ತಿರಲಿಲ್ಲ.

ಆದರೆ ಹೊಲ ಪುಣೆಯಲ್ಲಿರಲಿಲ್ಲ, ಹತ್ತಿಮತ್ತೂರಿನ ಹಳ್ಳದ ದಂಡೆಯಲ್ಲಿತ್ತು. ಅಲ್ಲಿ ದಿನಾ ಸತ್ತ ಗಿಡವೆಷ್ಟು, ಬದುಕಿದ ಗಿಡವೆಷ್ಟು ಎಂದು ಸಾಲುಸಾಲಿಗೆ ಎಣಿಸಿ ಬರೆಯುವವರು ಬೇಕಾಗಿತ್ತು. ನಾಲ್ಕು ವರ್ಷದ ಹಿಂದೆ ಅವನು ಸೂಟಿಗೆ ಬಂದಾಗ ಉಣ್ಣುತ್ತ ಅಪ್ಪ ದ್ಯಾಮಪ್ಪನಿಗೆ ಹೇಳಿದ್ದ: "ಆಳಿಗೆ ಎಣಿಸಾಕ ಬರ್ತತಿ, ಬರಿಯಾಕ ಬರೂದಿಲ್ಲ. ನಮ್ಮ ಹಾಲವ್ವಗ ಎರಡೂ ಬರ್ತಾವ."

ಆ ಹೊಗಳಿಕೆಯೇ ಅವಳ ಶಾಲೆಗೆ ಮುಳುವಾಯಿತು. ಆಗ ಅವಳು ಐದನೆಯ ಇಯತ್ತೆಯಲ್ಲಿ ಮೊದಲನೆಯವಳು. ಇನ್ನೆರಡು ವರ್ಷಕ್ಕೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತಳೆಂದರೆ ಹೆಣ್ಣುಮಕ್ಕಳ ಶಾಲೆಗೆ ಮಾಸ್ತರಿಣಿಯಾಗಬಹುದೆಂದು ಫಕ್ಕೀರಪ್ಪ ಮಾಸ್ತರು ಅಂದಿದ್ದರು. ಶಾಲೆ ಬಿಡಿಸಿದ ಸುದ್ದಿ ಕೇಳಿ ಮನೆಯ ಕಟ್ಟೆಯವರೆಗೆ ಬಂದು, ಬ್ಯಾಡ್ರಿ ದ್ಯಾಮಪ್ಪಾರ ಎಂದು ಎರಡು ಸಲ ಹೇಳಿ, ಚಹಾ ಕುಡಿಯದೆ ಹೋಗಿದ್ದರು. ಎರಡೇ ವರ್ಷ ಎಂದು ಅಣ್ಣ ಮಾತು ಕೊಟ್ಟ. ಆಮೇಲೆ ತಾನೇ ಅವಳನ್ನು ಪರೀಕ್ಷೆಗೆ ಕೂಡಿಸುವೆನೆಂದ, ಪುಸ್ತಕದಲ್ಲಿ ಅವಳ ಹೆಸರು ಹಾಕುವೆನೆಂದ. ಅವ್ವ ದಾನವ್ವ ಮಗಳು ಬರೆಯುತ್ತಿದ್ದ ಪಾಟಿಯನ್ನು ತೊಳೆದು ಹಾಲಿನ ಗಡಿಗೆಗೆ ಮುಚ್ಚಳ ಮಾಡಿಕೊಂಡಳು.

ಎರಡು ವರ್ಷ ಮೂರಾಯಿತು, ಮೂರು ನಾಲ್ಕಾಯಿತು. ಆ ನಡುವೆ ಹಾನಗಲ್ಲಿನಿಂದ ಒಂದು ಸಂಬಂಧ ಬಂದಿತ್ತು, ಹಿರೇಕೆರೂರಿನಿಂದ ಇನ್ನೊಂದು. ಹೊಲ ನೋಡುವವರಿಲ್ಲ, ಇನ್ನೊಂದು ವರ್ಷ ತಡೆಯಿರಿ ಎಂದು ಎರಡಕ್ಕೂ ಪುಣೆಯಿಂದಲೇ ಕಾಗದ ಬಂತು. ಹಾಲವ್ವನಿಗೆ ಹಿರೇಕೆರೂರಿನ ಹುಡುಗನ ಮೇಲೆ ಮನಸ್ಸಿತ್ತೆಂದಲ್ಲ, ಅವನ ಮುಖವನ್ನೂ ಅವಳು ಕಂಡಿರಲಿಲ್ಲ. ಆದರೆ ಆ ಕಾಗದವನ್ನು ಅಪ್ಪನಿಗೆ ಓದಿ ಹೇಳಬೇಕಾದವಳು ಅವಳೇ. ಆ ಮನೆಯಲ್ಲಿ ಓದು ಬರುತ್ತಿದ್ದುದು ಅವಳೊಬ್ಬಳಿಗೆ. ತನ್ನ ಮದುವೆ ಬೇಡವೆಂದ ಕಾಗದವನ್ನು ತಾನೇ ಗಟ್ಟಿಯಾಗಿ ಓದಿ, ಮಡಚಿ, ಗೂಡಿನಲ್ಲಿಟ್ಟಳು.

ಮಾತು ಕಡಿಮೆಯ ಹುಡುಗಿ. ನಾಲ್ಕು ಜನ ಕೂಡಿದಲ್ಲಿ ಕಂಬದ ಹಿಂದೆ ನಿಲ್ಲುವವಳು. ಆದರೆ ಅವಳ ಕಣ್ಣಿಗೆ ಬೀಳದ್ದು ಯಾವುದೂ ಇರಲಿಲ್ಲ. ಎರಡನೆಯ ವರ್ಷ ಹಳ್ಳದ ಹೊಲವನ್ನು ರೋಗ ಹಾಳು ಮಾಡಿಹೋಯಿತು. ಅರ್ಧಕ್ಕಿಂತ ಹೆಚ್ಚು ಸತ್ತ ಸಾಲುಗಳನ್ನು ಕಿತ್ತುಹಾಕು ಎಂದು ಅಣ್ಣನ ಕಾಗದ ಬಂತು. ಹಾಲವ್ವ ಕೀಳುತ್ತ ಹೋದಳು. ಹದಿನೇಳನೆಯ ಸಾಲಿನಲ್ಲಿ ಇಪ್ಪತ್ತೊಂದು ಗಿಡ ಸತ್ತು, ನಟ್ಟನಡುವೆ ಒಂದು ಮಾತ್ರ ದಿನ ತುಂಬಿದ ಬಸುರಿಯಂತೆ ಕಾಯಿ ಹೊತ್ತು ನಿಂತಿತ್ತು. ಸುತ್ತಲಿನ ಮಣ್ಣು ಅದೇ, ಬೇರಿಗೆ ತಾಗಿದ ರೋಗ ಅದೇ. ಅವಳು ಬಹಳ ಹೊತ್ತು ಅದರ ಮುಂದೆ ಕೂತಳು. ಅಣ್ಣನ ಮಾತು ಮೀರಿ ಅದೊಂದನ್ನು ಬಿಟ್ಟಳು. ಅವ್ವನ ಕೌದಿಯ ಕೆಂಪು ಅಂಚು ಹರಿದು ಅದರ ಬುಡಕ್ಕೆ ಕಟ್ಟಿ, ಅಣ್ಣನಿಗೆ ಬರೆದಳು. ಇರಲಿ, ನೋಡೋಣ ಎಂದು ಒಂದು ಸಾಲಿನ ಉತ್ತರ ಬಂತು.

ಆ ಒಂದು ಗಿಡದ ಬೀಜ ಮರುವರ್ಷ ಒಂದು ಸಾಲಾಯಿತು, ಅದರ ಮರುವರ್ಷ ಹತ್ತು ಸಾಲಾಯಿತು. ಅಕ್ಕಪಕ್ಕದ ಸಾಲುಗಳು ಬೆಂಕಿ ಬಿದ್ದಂತೆ ಒಣಗಿದರೂ ಅದರ ಮಕ್ಕಳು ಸೊರಗಲಿಲ್ಲ. ಆ ತಳಿಗೆ ಹದಿನೇಳು ಎಂದೇ ಹೆಸರು ಉಳಿಯಿತು.

ಮರುವರ್ಷ ದೀಪಾವಳಿಗೆ ಪುಸ್ತಕ ಬಂತು. ಕೆಂಪು ಬಟ್ಟೆಯ ರಟ್ಟು, ಬೆನ್ನಿಗೆ ಬಂಗಾರದ ಅಕ್ಷರ. ದ್ಯಾಮಪ್ಪ ಅದನ್ನು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿದ. ಮನೆಯಲ್ಲಿ ಗೋಧಿ ಹುಗ್ಗಿ ಮಾಡಿದರು. ಉಂಡಾದ ಮೇಲೆ ಪರಮೇಶ್ವರಪ್ಪ ಮೊದಲಿನ ಹಾಳೆ ತೆಗೆದು, ಯಾರು ಯಾರ ಉಪಕಾರ ನೆನೆದಿದ್ದೇನೆಂದು ಒಂದೊಂದಾಗಿ ಹೇಳಿದ. ಪ್ರೊಫೆಸರರು, ಜಿಲ್ಲೆಯ ಬೇಸಾಯದ ಸಾಹೇಬರು, ಅಪ್ಪ, ಎತ್ತು ಕೊಟ್ಟ ಗೌಡರು. ಹಾಲವ್ವ ಅಡುಗೆಮನೆಯ ಬಾಗಿಲ ಹಿಂದೆ ಸೌಟು ಹಿಡಿದುಕೊಂಡು ನಿಂತಿದ್ದಳು. ಗೌಡರ ಹೆಸರಾದ ಮೇಲೆ ಪುಸ್ತಕ ಮುಚ್ಚಿತು.

ಇನ್ನೆಲ್ಲೋ ಒಳಗೆ ಬರೆದಿರಬೇಕು ಅಂದುಕೊಂಡಳು. ಎರಡು ದಿನವಾದ ಮೇಲೆ, ಅಣ್ಣ ಶಿಗ್ಗಾಂವಿಗೆ ಹೋದ ಹೊತ್ತು ನೋಡಿ, ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಫಕ್ಕೀರಪ್ಪ ಮಾಸ್ತರ ಮನೆಗೆ ಹೋದಳು. ಮಾಸ್ತರಿಗೆ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಕನ್ನಡಕ ಒರೆಸಿಕೊಂಡು ಬೆರಳಿಟ್ಟು ಓದುತ್ತ ಹೋದರು. ಅವಳು ಬರೆದು ಕಳಿಸಿದ ಎಣಿಕೆಯೆಲ್ಲ ಅಲ್ಲಿತ್ತು. ಯಾವ ತಿಥಿಗೆ ಯಾವ ಸಾಲಿನಲ್ಲಿ ಎಷ್ಟು ಗಿಡ, ಒಂದೂ ತಪ್ಪಿರಲಿಲ್ಲ. ಕೆಂಪು ಅಂಚು ಕಟ್ಟಿದ ಗಿಡದ ಕಥೆಯೂ ಇತ್ತು. ಅದನ್ನು ಕಂಡವನು ಲೇಖಕ. ಒಂದು ಹಾಳೆಯ ಕೆಳಗೆ ಮಾಸ್ತರ ಬೆರಳು ನಿಂತಿತು. ಅವರು ಮೇಲೆ ನೋಡಲಿಲ್ಲ.

"ಎಣಿಕೆಯೆಲ್ಲಾ ತಾನ ಹೊಲದಾಗ ನಿಂತು ಮಾಡೇನಿ ಅಂತ ಬರದಾನ, ಮಗಳ. ಒಬ್ಬಾಕಿ ಕೂಲಿ ಕೈ ಹಚ್ಚಿದ್ದಳು ಅಂತ."

"ಕೂಲಿ ಅಂತ ಐತೇನ್ರಿ?"

"ಅದು ನಮ್ಮ ಮಾತನ. ಇಂಗ್ಲಿಷಿನ್ಯಾಗೂ ಹಂಗ ಬರೀತಾರ. ನೋಡಿಲ್ಲಿ."

ಅವಳು ಆ ಅಕ್ಷರಗಳನ್ನು ನೋಡಿದಳು. ಓದಲು ಬಾರದಿದ್ದರೂ ಆಕಾರ ಕಣ್ಣಲ್ಲಿ ಕೂತಿತು. ಮಾಸ್ತರು ಏನೇನೋ ಸಮಾಧಾನ ಹೇಳಿದರು. ಅಣ್ಣ ಬೆಳೆದರೆ ಮನೆತನ ಬೆಳೆದಂತೆ ಅಂದರು, ಆಮೇಲೆ ತಮ್ಮ ಮಾತು ತಮಗೇ ರುಚಿಸದವರಂತೆ ಕನ್ನಡಕ ತೆಗೆದಿಟ್ಟರು. ಹಾಲವ್ವ ಪುಸ್ತಕ ಸುತ್ತಿಕೊಂಡು ಬಂದು, ಇದ್ದ ಜಾಗದಲ್ಲಿ ಇದ್ದ ಹಾಗೇ ಇಟ್ಟಳು. ಅವತ್ತಿನಿಂದ ಅವಳ ಎದೆಯಲ್ಲಿ ಒಂದು ಕೆಂಡ ಕೂತಿತು. ಮೇಲೆ ಬೂದಿ ಹಾಕಿ ಅವಳೇ ಅದನ್ನು ಕಾದಳು. ರೊಟ್ಟಿ ಬಡಿಯುವಾಗ, ನೀರು ಸೇದುವಾಗ ಅದು ಆರಿಲ್ಲವಷ್ಟೆ ಎಂದು ಕೆದಕಿ ನೋಡಿಕೊಳ್ಳುತ್ತಿದ್ದಳು. ಆರಿರುತ್ತಿರಲಿಲ್ಲ.

ಪುಷ್ಯ ಮಾಸದಲ್ಲಿ ಸರಕಾರದ ಕಡೆಯ ಬಿಳಿ ಸಾಹೇಬನೊಬ್ಬ ಬಂದ. ಶಿಷ್ಯವೇತನಕ್ಕೆ ಕೊನೆಗೆ ಮೂವರು ಉಳಿದಿದ್ದರು. ಮೂವರ ಕೆಲಸವನ್ನೂ ಕಣ್ಣಾರೆ ನೋಡಿ ಒಬ್ಬನನ್ನು ಆರಿಸಲು ಅವನು ಹೊರಟಿದ್ದ. ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು, ಗೌಡರ ಕೊಲ್ಲಾರಿ ಬಂಡಿಯಲ್ಲಿ ಹಳ್ಳದ ಹೊಲಕ್ಕೆ ಬಂದ. ಹೊಲದ ತುಂಬ ಒಣಗಿದ ಕಡ್ಡಿಗಳು, ನಡುವೆ ಹದಿನೇಳರ ಹತ್ತು ಸಾಲು ಮಾತ್ರ ಹಸಿರು ಪಟ್ಟೆ ಎಳೆದಂತೆ ನಿಂತಿದ್ದವು. ಸಾಹೇಬ ಮಣ್ಣಿನಲ್ಲಿ ಮೊಣಕಾಲೂರಿ ಕೂತು ಬುಡ ಸೀಳಿ ನೋಡಿದ, ಮೂರು ಸಾಲು ತಾನೇ ಎಣಿಸಿದ, ಪುಸ್ತಕ ತೆಗೆದು ತಾಳೆ ನೋಡಿ ತಲೆದೂಗಿದ. ಪರಮೇಶ್ವರಪ್ಪನ ಮುಖ ಬಿಸಿಲಿಗೆ ಹಿಡಿದ ಹಿತ್ತಾಳೆಯ ಹಾಗೆ ಹೊಳೆಯಿತು.

ಬದುವಿನ ಮೇಲೆ ನೀರಿನ ಕೊಡ ಇಟ್ಟುಕೊಂಡು ನಿಂತ ಹಾಲವ್ವನ ಕಡೆ ಸಾಹೇಬ ಗದ್ದ ಎತ್ತಿ ಏನೋ ಕೇಳಿದ. ಅಣ್ಣ ಉತ್ತರ ಕೊಟ್ಟ. ಆ ಇಂಗ್ಲಿಷಿನ ನಡುವೆ ಅವಳಿಗೆ ತಿಳಿದ ಶಬ್ದ ಒಂದೇ ಒಂದು. ಸಾಹೇಬ ನಕ್ಕು, ಹತ್ತಿರ ಬಂದು, ಜೇಬಿನಿಂದ ನಾಲ್ಕಾಣೆಯ ಪಾವಲಿಯೊಂದನ್ನು ತೆಗೆದು ಅವಳ ಕೈಗೆ ಹಾಕಿದ. ಬೇಡವೆನ್ನಬೇಡ ಎಂದು ಅಣ್ಣ ಕಣ್ಣಿನಲ್ಲೇ ಸನ್ನೆ ಮಾಡಿದ. ಬಂಡಿ ಹೋದ ಮೇಲೆ ಅವಳು ಪಾವಲಿಯನ್ನು ಬದುವಿನ ಕಲ್ಲಿನ ಮೇಲೆ ಇಟ್ಟು ಬಂದಳು. ಬೇಕಾದವರು ತೆಗೆದುಕೊಂಡಾರು.

ಆ ಸಂಜೆ ಅಣ್ಣ ಕಟ್ಟೆಯ ಮೇಲೆ ಒಬ್ಬನೇ ಕೂತಾಗ ಕಾಲು ತೊಳೆಯಲು ನೀರು ತಂದಿಟ್ಟು, ಹಾಲವ್ವ ಒಮ್ಮೆ ಕೇಳಿದಳು. ಕೇಳದೆಯೇ ಸಿಟ್ಟು ಇಟ್ಟುಕೊಂಡೆನೆಂದು ಆಗಬಾರದೆಂದು ಕೇಳಿದಳು.

"ಅಣ್ಣಾ, ನಿನ್ನ ಪುಸ್ತಕದಾಗ ನಾ ಎಲ್ಲದೇನಿ?"

ಅವನು ತಡವರಿಸಲಿಲ್ಲ. "ಅದೀಯಲ್ಲ. ಕೂಲಿ ಅಂತ ಬರದೇನಲ್ಲ, ಅದು ನೀನ."

"ನಾ ಕೂಲಿ ಅಲ್ಲಲ್ಲ."

"ಹುಚ್ಚಿ, ತಂಗಿ ಎಣಿಸ್ಯಾಳ ಅಂತ ಬರದ್ರ ಏನಂತಾರ ಗೊತ್ತೈತೇನು? ಮನಿ ಮಂದಿ ಎಣಿಕಿ, ಐದನೇ ಇಯತ್ತೆ ಹುಡುಗಿ ಎಣಿಕಿ ಅಂತ ನಗ್ತಾರ. ಕೂಲಿ ಅಂದ್ರ ಯಾರೂ ಏನೂ ಕೇಳೂದಿಲ್ಲ. ಕೂಲಿಗೆ ಹೆಸರಿರೂದಿಲ್ಲ."

ಮುಲ್ಕಿ ಪರೀಕ್ಷೆಯ ಮಾತು ಎತ್ತಿದ್ದಕ್ಕೆ ಅವನು ನಕ್ಕ. ಆ ನಗುವಿನಲ್ಲಿ ಕೆಟ್ಟದ್ದಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. ಹತ್ತೊಂಬತ್ತಾದವಳು ಸಣ್ಣ ಹುಡುಗಿಯರ ನಡುವೆ ಕೂತು ಬರೆಯುವಿಯೇನು ಎಂದ. ತಾನು ವಿಲಾಯತಿಯಿಂದ ಬಂದ ಮೇಲೆ ಒಳ್ಳೆಯ ಮನೆ ನೋಡಿ ಕೊಡುವೆನೆಂದ. ಕಾಲು ತೊಳೆದುಕೊಂಡು ತಂಬಿಗೆ ಅವಳ ಕೈಗೆ ಕೊಟ್ಟು ಒಳಗೆ ಹೋದ.

ತಿಂಗಳೊಳಗೆ ಅಂಚೆಯವನು ತಾರು ತಂದ. ಶಿಷ್ಯವೇತನ ಪರಮೇಶ್ವರಪ್ಪನಿಗೇ. ಹಿಂದಿನಿಂದ ಬಂದ ಕಾಗದದಲ್ಲಿ ಒಂದು ಕರಾರಿತ್ತು. ಬರುವಾಗ ಹದಿನೇಳರ ಬೀಜ ಎರಡು ಸೇರು, ರೋಗದ ಮಣ್ಣು ಒಂದು ಡಬ್ಬಿ ತರಬೇಕು. ಅಲ್ಲಿಯ ಗಾಜಿನ ಮನೆಯಲ್ಲಿ ಬಿತ್ತಿ, ಗಿಡ ರೋಗವನ್ನು ಹೇಗೆ ತಡೆಯುತ್ತದೆಂಬುದನ್ನು ನೋಡುವುದೇ ಅವನ ಸಂಶೋಧನೆ. ಹದಿನೇಳರ ಹತ್ತಿಯನ್ನು ನೀನೇ ಬೇರೆ ಬಿಡಿಸು, ಗಿರಣಿಗೆ ಹಾಕಬೇಡ, ಕೈಯಿಂದಲೇ ಕಾಳು ಬಿಡಿಸಿ ಚೀಲದಲ್ಲಿಡು ಎಂದು ಪುಣೆಯಿಂದ ಅಪ್ಪಣೆ ಬಂತು. ಈ ಕಾಗದವನ್ನೂ ಹಾಲವ್ವನೇ ಓದಿದಳು.

ಫಾಲ್ಗುಣಕ್ಕೆ ಹತ್ತಿ ಒಡೆಯಿತು. ಬಿಡಿಸಲು ಏಳೆಂಟು ಹೆಂಗಸರು ಬರುತ್ತಿದ್ದರು. ಅವರಲ್ಲಿ ಹಿರಿಯಳು ಶಾರವ್ವ. ಅವಳಿಗೆ ಹಳ್ಳದ ಆಚೆ ಒಂದು ತುಂಡು ಹೊಲವಿತ್ತು, ಅದನ್ನೂ ರೋಗ ತಿಂದಿತ್ತು. ಅವಳ ಜೊತೆಗಾತಿ ಹುಸೇನಬಿಯದು ಸವಣೂರಿನ ದಾರಿಯಲ್ಲಿ ಒಂದು ಪಟ್ಟಿ ಹೊಲ. ಆ ಕಡೆ ಹತ್ತಿ ಬಿಡಿಸಿದವರಿಗೆ ಹತ್ತಿಯಲ್ಲೇ ಕೂಲಿ. ಹೊತ್ತು ಮುಳುಗುವ ಮುಂದೆ ಉಡಿಯಲ್ಲಿದ್ದುದನ್ನು ಹೊಲದೊಡತಿಯ ಮುಂದೆ ಸುರುವಬೇಕು, ಅವಳು ಎತ್ತಿ ಕೊಟ್ಟ ಪಾಲನ್ನು ಉಡಿಗೆ ಹಾಕಿಕೊಂಡು ಮನೆಗೆ ಹೋಗಬೇಕು. ಅರಳೆ ಮಾರಿಕೊಳ್ಳುತ್ತಿದ್ದರು, ಕಾಳನ್ನು ಎಮ್ಮೆಗೆ ನೆನೆಹಾಕುತ್ತಿದ್ದರು. ದಾನವ್ವನಿಗೆ ಆ ವರ್ಷ ಮೊಣಕಾಲು ಹಿಡಿದಿತ್ತು. ಪಾಲು ಕೊಡುವ ಕೆಲಸ ಹಾಲವ್ವನ ಮೇಲೆ ಬಿತ್ತು.

ಕೂಲಿ ಎಂದು ಬರೆದಾಗಿದೆ. ಕೂಲಿಯವಳಿಗೆ ಬಿಡಿಸಿದ್ದರಲ್ಲಿ ಪಾಲು ಉಂಟು. ಅವಳು ಐದು ವರ್ಷ ದುಡಿದು ಒಮ್ಮೆಯೂ ತನ್ನ ಪಾಲು ಎತ್ತಿಕೊಂಡಿರಲಿಲ್ಲ. ಈ ಮಾತು ಮನಸ್ಸಿಗೆ ಬಂದದ್ದು ಒಂದು ಮಧ್ಯಾಹ್ನ, ಹದಿನೇಳರ ಸಾಲಿನಲ್ಲಿ ಒಬ್ಬಳೇ ಬಿಡಿಸುತ್ತಿದ್ದಾಗ. ಕೈ ನಿಂತಿತು. ಆಮೇಲೆ ಮೊದಲಿಗಿಂತ ಜೋರಾಗಿ ನಡೆಯಿತು.

ಅವತ್ತು ಸಂಜೆ ಎಲ್ಲರೂ ಉಡಿ ಸುರುವಿ ಕೂತಾಗ ಅವಳು ಆ ರಾಶಿಯನ್ನು ಮುಟ್ಟಲಿಲ್ಲ. ಬೇರೆ ಬಿಡಿಸಿದ್ದ ಬುಟ್ಟಿಯನ್ನು ಮುಂದೆ ಎಳೆದುಕೊಂಡು, ಅದರಿಂದ ಎರಡೂ ಕೈ ತುಂಬಿ ಒಬ್ಬೊಬ್ಬರ ಉಡಿಗೆ ಹಾಕುತ್ತ ಬಂದಳು. ಶಾರವ್ವ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದಳು.

"ಏನವಾ, ಇವತ್ತ ಪಾಲು ಭಾಳ ಬೆಳ್ಳಗೈತಿ. ಕೈನೂ ಉದ್ದಾಗೇತಿ. ನಿಮ್ಮಪ್ಪಗ ಗೊತ್ತೈತೋ ಇಲ್ಲೋ?"

"ಸುಮ್ನಿರ ಶಾರವ್ವ," ಎಂದಳು ಹುಸೇನಬಿ. "ನಿನ್ನ ಬಾಯಿ ಕೇಳಿ ಕೊಟ್ಟ ಕೈ ಹಿಂದಕ್ಕ ಹೋದೀತು."

ಹೆಂಗಸರು ನಕ್ಕರು. ಹಾಲವ್ವ ನೆಲ ನೋಡುತ್ತಲೇ ಹೇಳಿದಳು. "ಇದರ ಕಾಳು ಎಮ್ಮಿಗೆ ಹಾಕಬ್ಯಾಡ್ರಿ. ಬ್ಯಾರೆ ಇಟ್ಟು ಶ್ರಾವಣದಾಗ ಬಿತ್ರಿ. ಸೊರಗೂದಿಲ್ಲ."

"ಅಯ್ಯ, ಹಾಲವ್ವಗ ಬಾಯಿ ಬಂತಲ್ಲ," ಎಂದಳು ಶಾರವ್ವ. "ಸೊರಗೂದಿಲ್ಲ ಅಂತ ಯಾರಂದ್ರು? ನಿಮ್ಮಣ್ಣನ?"

"ನಾ ಎಣಿಸೇನಿ."

ಶಾರವ್ವ ಅವಳ ಮುಖವನ್ನೇ ನೋಡಿದಳು. ಉಡಿ ಬಿಗಿದುಕೊಂಡಳು.

ಹದಿನೈದು ದಿನ ಹೀಗೇ ನಡೆಯಿತು. ಹದಿನೇಳರ ಹತ್ತಿಯೆಲ್ಲ ಹತ್ತಿಮತ್ತೂರಿನ ಓಣಿಓಣಿಗೆ, ಯಾರ್‍ಯಾರದೋ ಗಡಿಗೆಗೆ, ಮೂಲೆಯ ಗೋಣಿಗೆ ಹೋಗಿ ಸೇರಿತು. ಕೊನೆಯ ದಿನ ಬುಟ್ಟಿ ಬರಿದಾದಾಗ ದಾನವ್ವ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಬುಟ್ಟಿಯನ್ನು ನೋಡಿದಳು, ಮಗಳನ್ನು ನೋಡಿದಳು. ಹಾಲವ್ವ ಮನೆಯ ಹಳೆಯ ತಳಿಯ ಹತ್ತಿ ತಂದು, ಮುಂದೆ ಹರವಿಕೊಂಡು, ಕಾಳು ಬಿಡಿಸತೊಡಗಿದಳು. ರೋಗ ಬಂದರೆ ಎಲ್ಲಕ್ಕಿಂತ ಮೊದಲು ಸೊರಗುವ ತಳಿ ಅದು. ಎರಡು ಸೇರು ಕಾಳು ಹೊಸ ಚೀಲಕ್ಕೆ ತುಂಬಿತು. ಹತ್ತಿಕಾಳೆಲ್ಲ ನೋಡಲು ಒಂದೇ, ಬೂದು ತುಪ್ಪಳ ಹೊದ್ದ ಕಾಳು. ಚೀಲದ ಮೇಲೆ ಹದಿನೇಳು ಎಂದು ಕೆಂಪು ದಾರದಲ್ಲಿ ಹೊಲಿಯಬೇಕಿತ್ತು. ಬೆಳಕು ಕಡಿಮೆಯಾಗಿ ಅವಳಿಗೆ ಸೂಜಿಯ ಕಣ್ಣು ಕಾಣದಾಯಿತು. ದಾನವ್ವ ಪಕ್ಕದಲ್ಲಿ ಕೂತು, ಸೂಜಿ ಇಸಿದುಕೊಂಡು, ದಾರ ಪೋಣಿಸಿ ಮಗಳ ಕೈಗೆ ಕೊಟ್ಟಳು.

ಭಾದ್ರಪದದಲ್ಲಿ ಯಲವಿಗಿ ಸ್ಟೇಶನ್ನಿಗೆ ಊರೇ ಬಂದಿತ್ತು. ಸವಣೂರಿನಿಂದ ಬಾಜಾದವರನ್ನು ಕರೆಸಿದ್ದರು. ಕೊರಳ ತುಂಬ ಹಾರ ಹಾಕಿಕೊಂಡ ಪರಮೇಶ್ವರಪ್ಪ ಟ್ರಂಕನ್ನು ಆಳಿನ ಕೈಗೆ ಕೊಟ್ಟ, ಚೀಲವನ್ನು ಮಾತ್ರ ಕೂಸಿನಂತೆ ಎದೆಗೆ ಹಿಡಿದುಕೊಂಡಿದ್ದ. ಕಿಟಕಿಯಿಂದ ಹಾಲವ್ವನಿಗೆ ಹೊಲ ನೋಡಿಕೋ ಎಂದ. ಅವಳು ತಲೆ ಆಡಿಸಿದಳು. ಗಾಡಿ ಕದಲಿದಾಗ ದ್ಯಾಮಪ್ಪ ತಲೆಗೆ ಸುತ್ತಿದ ಪಟಕಾದ ಸೆರಗಿನಿಂದ ಕಣ್ಣು ಒರೆಸಿಕೊಂಡ. ಹಾಲವ್ವನಿಗೆ ಅಳು ಬರಲಿಲ್ಲ. ನಾಲಿಗೆಯ ಮೇಲೆ ಬೆಲ್ಲ ಕರಗಿದಂತಾಯಿತು. ಅದು ತಪ್ಪೆಂದು ಅವಳಿಗೆ ಗೊತ್ತಿತ್ತು, ಆದರೂ ಬಂಡಿಯಲ್ಲಿ ಊರು ಮುಟ್ಟುವವರೆಗೆ ಆ ಸವಿಯನ್ನು ನುಂಗದೆ ಉಳಿಸಿಕೊಂಡಳು.

ಹಡಗಿನಿಂದ ಒಂದು ಕಾಗದ ಬಂತು. ವಿಲಾಯತಿಯಿಂದ ಎರಡು ಬಂದವು. ಮಂಜು, ಚಳಿ, ದಿನಾ ಬಟಾಟೆ. ಬೀಜ ಹಾಕಿದ್ದೇನೆ, ನೂರಕ್ಕೆ ತೊಂಬತ್ತು ಹುಟ್ಟಿವೆ ಎಂದು ಮೂರನೆಯದರಲ್ಲಿ ಬರೆದಿದ್ದ. ಅದನ್ನು ಓದುವಾಗ ಹಾಲವ್ವನ ದನಿ ಎಂದಿನಂತೆಯೇ ಇತ್ತು. ಇನ್ನೆಷ್ಟು ದಿನಕ್ಕೆ ಅವು ತಲೆ ಬಾಗಿಸುತ್ತವೆ ಎಂಬುದು ಅವಳಿಗೆ ಬೆರಳೆಣಿಕೆಯಲ್ಲಿ ಗೊತ್ತಿತ್ತು.

ಆ ವರ್ಷ ಊರಲ್ಲಿ ರೋಗ ಮತ್ತೆ ಬಿತ್ತು. ದ್ಯಾಮಪ್ಪನ ಮನೆಯ ಹೊಲವೂ ಉಳಿಯಲಿಲ್ಲ. ಆದರೆ ಹಳ್ಳದ ಆಚೆ ಶಾರವ್ವನ ತುಂಡು ಒಂದು ಗಿಡ ಕುಂದದೆ ನಿಂತಿತ್ತು, ಹುಸೇನಬಿಯ ಪಟ್ಟಿಯೂ ನಿಂತಿತ್ತು. ಜನ ನಿಂತು ನಿಂತು ನೋಡಿ ಹೋದರು. ಶಾರವ್ವನ ಗಂಡ ಏನು ಗೊಬ್ಬರ ಹಾಕಿದನೆಂದು ಕೇಳಿದವರಿಗೆ ಅವಳು, ಗಂಡಗ ಗೊಬ್ಬರ ಹಾಕೂದ ಬಿಟ್ಟು ಬಾಕಿ ಎಲ್ಲಾ ಬರ್ತತಿ ಎಂದು ಹೇಳಿ ನಗಿಸಿ ಕಳಿಸುತ್ತಿದ್ದಳು. ಹಾಲವ್ವ ಸಂಜೆ ಹೊತ್ತು ಹಳ್ಳದ ದಂಡೆಗೆ ಬಂದು ಆ ಹಸಿರನ್ನು ನೋಡುತ್ತಿದ್ದಳು. ಅದು ಇನ್ನು ಯಾರ ಪುಸ್ತಕಕ್ಕೂ ಸಲ್ಲದು. ಜೇನುಹುಳ ಅಡ್ಡಾಡಿ ಅದರ ಧೂಳು ಇದಕ್ಕೆ, ಇದರದು ಅದಕ್ಕೆ ಆಗಲೇ ಕಲೆಯತೊಡಗಿತ್ತು. ಈ ವರ್ಷ ಹುಡುಕಿದರೆ ಶಾರವ್ವನ ಹೊಲದ ನಡುವಿನ ಗಿಡಗಳಲ್ಲಿ ಒಂದಿಷ್ಟು ಶುದ್ಧ ಬೀಜ ಸಿಕ್ಕೀತು, ಬರುವ ವರ್ಷ ಅದೂ ಇಲ್ಲ. ಯಾವ ಗಿಡದಲ್ಲಿ ಸಿಕ್ಕೀತೆಂದು ಬಲ್ಲವಳು ಅವಳೊಬ್ಬಳೇ. ಒಂದೊಂದು ಸಲ ಕೈ ತಾನಾಗಿಯೇ ಸೊಂಟಕ್ಕೆ ಸಿಕ್ಕಿಸಿದ ದಾರದ ಉಂಡೆಗೆ ಹೋಗುತ್ತಿತ್ತು. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಮಾಘದ ಕೊನೆಗೆ ನಾಲ್ಕನೆಯ ಕಾಗದ ಬಂತು. ಊಟದ ಹೊತ್ತು. ಪಡಸಾಲೆಯಲ್ಲಿ ಶಾರವ್ವ, ಹುಸೇನಬಿ ರೋಗ ಬಿಟ್ಟಷ್ಟು ಹತ್ತಿಯೊಳಗಿನ ಒಣ ಎಲೆಯ ಚೂರು ಆರಿಸುತ್ತಿದ್ದರು. ದಾನವ್ವ ಕಾಲು ಚಾಚಿಕೊಂಡು ಗೋಡೆಗೆ ಒರಗಿದ್ದಳು. ದ್ಯಾಮಪ್ಪ ಹೊಸ್ತಿಲಲ್ಲಿ ಕೂತು ಓದವ್ವ ಎಂದ. ಹಾಲವ್ವ ಓದಿದಳು.

ಗಿಡಗಳೆಲ್ಲ ಸತ್ತವು. ಇಲ್ಲಿಯ ಪ್ರೊಫೆಸರರು ದಿನಾ ಬಂದು ನೋಡುತ್ತಿದ್ದರು, ಅವರ ಕಣ್ಣೆದುರೇ ಒಂದೊಂದಾಗಿ ಸತ್ತವು. ಹೊಲದಲ್ಲಿ ನೀನೇ ನಿಂತು ಎಣಿಸಿದ್ದೆಯೋ ಇಲ್ಲವೋ ಎಂದು ಅವರು ಕೇಳಿದರು. ಹೌದೆಂದು ಹೇಳಲು ನನ್ನ ನಾಲಿಗೆ ಹೊರಳಲಿಲ್ಲ. ಎಣಿಸಿದವಳು, ಆ ಗಿಡ ಕಂಡವಳು ನನ್ನ ತಂಗಿ, ಅವಳ ಹೆಸರು ಹಾಲವ್ವ ಎಂದು ಒಪ್ಪಿಕೊಂಡಿದ್ದೇನೆ. ಹಾಗಾದರೆ ಮೊದಲೇ ಸುಳ್ಳು ಬರೆದೆ ಎಂದರು. ಬೇಸಗೆಯೊಳಗೆ ನಿಜವಾದ ಬೀಜ ತಂದು ತೋರಿಸದಿದ್ದರೆ ಶಿಷ್ಯವೇತನ ನಿಲ್ಲುತ್ತದೆ, ಪದವಿಯನ್ನೂ ಹಿಂದಕ್ಕೆ ತೆಗೆದುಕೊಳ್ಳಬಹುದು. ಇಲ್ಲಿ ನನಗೆ ಮುಖ ಎತ್ತಿ ಅಡ್ಡಾಡಲು ಆಗುತ್ತಿಲ್ಲ. ಬೀಜ ಎಲ್ಲೋ ಅದಲುಬದಲಾಗಿದೆ. ಒಂದು ಹಿಡಿಯಾದರೂ ಸಾಕು.

ಅವಳು ಒಂದು ಶಬ್ದವನ್ನೂ ನುಂಗಲಿಲ್ಲ. ತನ್ನ ಹೆಸರು ಬಂದಲ್ಲಿ ಮಾತ್ರ ಆ ಸಾಲಿನ ಕೆಳಗೆ ಬೆರಳಿಟ್ಟಳು. ಅದನ್ನು ಕೇಳಲು ಆರು ವರ್ಷ ಕಾದಿದ್ದಳು. ಕೇಳಿದ ಮೇಲೆ ಕೆಂಡ ಆರಬೇಕಿತ್ತು. ಕೆದಕಿ ನೋಡಿಕೊಂಡಳು, ಆರಿರಲಿಲ್ಲ. ಕಾಗದ ಮಡಚಿ ಅಪ್ಪನ ಮುಂದಿಟ್ಟಳು.

ದ್ಯಾಮಪ್ಪ ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದ. ಅವನು ಓದಲಾರ, ಆದರೆ ಹುಟ್ಟಾ ಒಕ್ಕಲಿಗ. ನಿನ್ನೆಯಷ್ಟೇ ಹಳ್ಳ ದಾಟಿ ಹೋಗಿ, ಶಾರವ್ವನ ಹೊಲದ ಬದುವಿನ ಮೇಲೆ ಒಂದು ತಾಸು ನಿಂತು ಬಂದಿದ್ದ. ಯಾರು ಏನು ಮಾಡಿದರೆಂದು ಅವನು ಕೇಳಲಿಲ್ಲ. ಮಗಳ ಕಡೆ ನೋಡಿದ. ಅವಳು ಶಾರವ್ವನ ಪಕ್ಕದಲ್ಲಿ ಕೂತು ಒಂದು ಹಿಡಿ ಹತ್ತಿ ಎಳೆದುಕೊಂಡು ಚೂರು ಆರಿಸತೊಡಗಿದ್ದಳು. ಹೆಂಡತಿಯ ಕಡೆ ನೋಡಿದ. ದಾನವ್ವ ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ಶಾರವ್ವ, ಹುಸೇನಬಿ ತಲೆ ಎತ್ತಲಿಲ್ಲ. ಎಂಟು ಕೈ, ಒಂದೂ ನಿಲ್ಲಲಿಲ್ಲ.

ದ್ಯಾಮಪ್ಪ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಒಂದ ಹಿಡಿ. ನಿಮ್ಮೊಳಗ ಯಾರ ಹಂತ್ಯಾಕ ಇದ್ರೂ ಸೈ, ಒಂದ ಹಿಡಿ ಕೊಡ್ರಿ."